ಮುಂದೆ ನಡೆದವರ ಜೊತೆ

ಹಾರ್ಮೋನು ಚಿಕಿತ್ಸೆ ನಿಧಾನದ ಕೆಲಸ. ಹುಟ್ಟಿದಾಗ ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬಾಳಬಯಸುವವರಿಗೆ ಟೆಸ್ಟೊಸ್ಟೆರಾನ್, ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬಾಳಬಯಸುವವರಿಗೆ ಈಸ್ಟ್ರೊಜೆನ್ ಕೊಡಲಾಗುತ್ತದೆ. ಟೆಸ್ಟೊಸ್ಟೆರಾನ್ ಪಡೆದವರ ದನಿ ದಪ್ಪವಾಗಲು ತಿಂಗಳುಗಳು ಬೇಕು, ಗಡ್ಡ ತುಂಬಲು ವರ್ಷಗಳು. ಈಸ್ಟ್ರೊಜೆನ್ ಪಡೆದವರಲ್ಲಿ ಎದೆಯ ಬೆಳವಣಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಮೊದಲಾಗುತ್ತದೆ. ಒಮ್ಮೆ ಒಡೆದ ದನಿ ಮಾತ್ರ ಅದರಿಂದ ಬದಲಾಗದು. ಹದಿನೆಂಟು ದಾಟಿದ ವಿದ್ಯಾರ್ಥಿಗೆ, ಕಾಲೇಜು, ಹಾಸ್ಟೆಲು, ಪರೀಕ್ಷೆಗಳ ನಡುವೆ, ಇದೊಂದು ಎರಡನೆಯ ಹರೆಯ. ಸಿಟ್ಟು, ಅಳು, ಹುರುಪು ಎಲ್ಲವೂ ಬರಬಹುದು. ಮೊದಲ ಹರೆಯದಲ್ಲಿ ತರಗತಿಗೆ ತರಗತಿಯೇ ಜೊತೆಗಿತ್ತು. ಈ ಸಲ ಒಂಟಿ.

ಅದಕ್ಕೇ ಇದೇ ದಾರಿಯಲ್ಲಿ ಎರಡು ವರ್ಷ ಮುಂದೆ ನಡೆದವರೊಬ್ಬರ ಗೆಳೆತನಕ್ಕೆ ಬೆಲೆ. ‘ನಾಲ್ಕನೇ ತಿಂಗಳಲ್ಲಿ ನನಗೂ ಗಡ್ಡ ಬಂದಿರಲಿಲ್ಲ ಕಣೋ’ ಎಂದು ಅವರು ಅನ್ನುತ್ತಾರೆ. ವೈದ್ಯರೂ ಅದನ್ನೇ ಹೇಳಿರುತ್ತಾರೆ, ಕೇಳುವ ಕಿವಿಗೆ ಎರಡೂ ಒಂದೇ ಅಲ್ಲ. ರಕ್ತಪರೀಕ್ಷೆಗೆ ಜೊತೆ ಹೋಗುವುದು, ದನಿ ಒಡೆದಾಗ ನಗುವ ಸಹಪಾಠಿಗೆ ಏನೆನ್ನಬೇಕೆಂದು ಹೇಳಿಕೊಡುವುದು, ಊಟ ಬಿಟ್ಟು ಕೋಣೆ ಸೇರಿದವರ ಬಾಗಿಲು ತಟ್ಟುವುದು, ಎಲ್ಲ ಸಣ್ಣ ಕೆಲಸಗಳೇ.

ಇದು ಹೊಸದೂ ಅಲ್ಲ. ಹಾರ್ಮೋನಿನ ಹೆಸರೇ ಕೇಳದ ಕಾಲದಲ್ಲೂ ಮನೆಬಿಟ್ಟು ಬಂದವರನ್ನು ಜೋಗತಿಯರ ಬಳಗ ಹತ್ತಿರ ಸೇರಿಸಿಕೊಳ್ಳುತ್ತಿತ್ತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮಂಜಮ್ಮ ಜೋಗತಿ, ಕಾಳವ್ವ ಜೋಗತಿಯವರ ಕೈಯಲ್ಲಿ ನೃತ್ಯ ಕಲಿತವರು.

ಗೆಳೆತನಕ್ಕೂ ಒಂದು ಗೆರೆ ಇದೆ. ಒಬ್ಬರ ಔಷಧಿ ಚೀಟಿ ಇನ್ನೊಬ್ಬರಿಗೆ ಸಲ್ಲದು. ಈಸ್ಟ್ರೊಜೆನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಟೆಸ್ಟೊಸ್ಟೆರಾನ್ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಆದ್ದರಿಂದಲೇ ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ಪರೀಕ್ಷೆ. ‘ಇನ್ನೆರಡು ಮಾತ್ರೆ ನುಂಗು, ಬೇಗ ಆಗುತ್ತೆ’ ಎನ್ನುವ ಗೆಳೆಯನಿಂದ ದೂರ ಇರುವುದೇ ಮೇಲು. ಸಾಯುವ ಮಾತು ಬಂದರಂತೂ ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವಂತಿಲ್ಲ, ವೈದ್ಯರಿಗೆ ತಿಳಿಸಲೇಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಎಷ್ಟೋ ಮನೆಗಳಲ್ಲಿ ಈ ಗೆಳೆಯರೇ ‘ಮಗುವನ್ನು ಕೆಡಿಸಿದವರು’. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ, 2022ರಿಂದ, ಇದು ಮಾನಸಿಕ ರೋಗವೇ ಅಲ್ಲ. ಅಂಟುವ ಮಾತಂತೂ ದೂರ. ಅಂಥ ಗೆಳೆಯನನ್ನು ಒಂದು ಭಾನುವಾರ ಮನೆಗೆ ಕರೆದು ಕಾಫಿ ಕೊಟ್ಟರೆ, ಮಗು ಮೂರು ತಿಂಗಳಿಂದ ಬಾಯಿಬಿಡದಿದ್ದ ಎಷ್ಟೋ ವಿಷಯ ಅಪ್ಪ ಅಮ್ಮನಿಗೂ ತಿಳಿದೀತು.