ಟಿಸಿ ಕೊಟ್ಟು ಕಳಿಸಿದ ಮಗು ಎಲ್ಲಿಗೆ ಹೋಗಬೇಕು?

2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ಎಂಟು, ಒಂಬತ್ತು, ಹತ್ತನೇ ತರಗತಿ ಮಕ್ಕಳ ಬ್ಯಾಗುಗಳನ್ನು ತಡಕಿದವು. ಮೊಬೈಲು ಹುಡುಕಿದವರಿಗೆ ಸಿಗರೇಟು, ಲೈಟರು, ವೈಟ್ನರು, ಕಾಂಡೋಮು ಕೂಡ ಸಿಕ್ಕವು. ಮಕ್ಕಳು ಕೆಟ್ಟರು ಎಂದು ಟಿ.ವಿ.ಗಳಲ್ಲಿ ಗದ್ದಲವೆದ್ದಿತು. ಸಿಕ್ಕಿಬಿದ್ದವರನ್ನು ಅಮಾನತು ಮಾಡಲಿಲ್ಲ, ಹತ್ತು ದಿನಗಳವರೆಗೆ ರಜೆ ಕೊಟ್ಟು ಹೊರಗೆ ಕೌನ್ಸೆಲಿಂಗ್ ಮಾಡಿಸಿ ಎಂದು ಪೋಷಕರಿಗೆ ತಿಳಿಸಿದ್ದೇವೆ ಎಂದು ಶಾಲೆಗಳು ಹೇಳಿದವು. ಅಷ್ಟು ಗದ್ದಲದಲ್ಲಿ ನನಗೆ ಕೇಳಿಸದೇ ಹೋದ ಪ್ರಶ್ನೆ ಒಂದೇ: ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುವ ಮನೆಯಲ್ಲಿ, ಆ ಹತ್ತು ದಿನ ಹಗಲು ಹೊತ್ತು ಆ ಮಗು ಎಲ್ಲಿತ್ತು, ಯಾರ ಜೊತೆಗಿತ್ತು?

ಈ ಪ್ರಶ್ನೆಗೆ ಉತ್ತರ ಬೇಕೆಂದರೆ ಪ್ರತಿ ತಾಲ್ಲೂಕಿನಲ್ಲೂ ಒಂದು ಬದಲಿ ಹಗಲು ಶಾಲೆ ಇರಬೇಕು. ತರಗತಿಯಲ್ಲಿ ಕೂರಲಾಗದ, ಹೊಡೆದಾಟಕ್ಕಿಳಿದ, ನಶೆಗೆ ಬಿದ್ದ, ಮನೆ ಬಿಟ್ಟು ಓಡಿಹೋಗಿ ಬಂದ ಹದಿಹರೆಯದವರಿಗಾಗಿ ಸರ್ಕಾರವೇ ನಡೆಸುವ ಶಾಲೆ. ಈ ಮಾತೆತ್ತಿದರೆ ಸಾಕು, ‘ಪುಂಡರಿಗೆ ಬೇರೆ ಶಾಲೆ ಬೇರೆ ಕಟ್ಟಿಸಬೇಕಾ?’ ಎನ್ನುವವರು ಎದುರಾಗುತ್ತಾರೆ. ಹೌದು, ಕಟ್ಟಿಸಬೇಕು.

ಕಾನೂನು ಈ ಮಕ್ಕಳನ್ನು ಯಾವ ವಯಸ್ಸಿನಲ್ಲಿ ಕೈಬಿಡುತ್ತದೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು 6ರಿಂದ 14 ವರ್ಷದವರಿಗೆ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಅದರ 16ನೇ ಕಲಂ ಹೇಳುತ್ತದೆ. ಒಂಬತ್ತಕ್ಕೆ ಕಾಲಿಟ್ಟ ದಿನ ಆ ರಕ್ಷಣೆ ಮುಗಿಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ, ಹದಿನಾಲ್ಕು ದಾಟಿದವರನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿದ ಉದ್ಯೋಗಗಳನ್ನು ಬಿಟ್ಟು ಉಳಿದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಹದಿನಾರು ತುಂಬಿದವನು ಘೋರ ಅಪರಾಧ ಎಸಗಿದ ಆರೋಪ ಬಂದರೆ, ಪ್ರಾಥಮಿಕ ಪರಿಶೀಲನೆಯ ನಂತರ ವಯಸ್ಕನಂತೆಯೇ ವಿಚಾರಣೆಗೆ ಗುರಿಪಡಿಸಲು 2015ರ ಬಾಲನ್ಯಾಯ ಕಾಯ್ದೆ ದಾರಿ ಕೊಟ್ಟಿದೆ. ಹುಡುಗ ಅತಿ ಹೆಚ್ಚು ದಾರಿ ತಪ್ಪುವ ವಯಸ್ಸಿನಲ್ಲೇ ಶಾಲೆಯ ಬಾಗಿಲು ಸಡಿಲವಾಗಿ, ಗ್ಯಾರೇಜಿನ ಬಾಗಿಲೂ ಜೈಲಿನ ಬಾಗಿಲೂ ತೆರೆಯುತ್ತವೆ.

ಹೊರಹಾಕುವುದು ಆದೇಶ ಹೊರಡಿಸಿಯೇ ಆಗಬೇಕೆಂದಿಲ್ಲ. ಪೋಷಕರನ್ನು ಕರೆಸಿ, ‘ನೀವೇ ಟಿಸಿ ತಗೊಂಡುಬಿಡಿ, ನಾವು ಕೊಟ್ಟರೆ ಅವನ ರೆಕಾರ್ಡ್ ಹಾಳಾಗುತ್ತೆ’ ಎಂದರೆ ಮುಗಿಯಿತು. ಶಾಲೆ ಬಿಟ್ಟ ಕಾರಣದ ಜಾಗದಲ್ಲಿ ‘ಪೋಷಕರ ಕೋರಿಕೆ ಮೇರೆಗೆ’ ಎಂದು ಬರೆದಿರುತ್ತದೆ. ಹತ್ತನೇ ತರಗತಿಯ ಹೊಸ್ತಿಲಲ್ಲಿ ಈ ಕೋರಿಕೆಗಳು ಹೆಚ್ಚುವುದೇಕೆ ಎಂದು ಶಿಕ್ಷಕರಿಗೆಲ್ಲ ಗೊತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಶೇ 100ರ ಫ್ಲೆಕ್ಸು ಗೇಟಿಗೆ ಏರಬೇಕು, ಜಿಲ್ಲೆಯ ಸ್ಥಾನ ಮೇಲೇರಬೇಕು. ಫೇಲಾಗುವವನು, ಪರೀಕ್ಷಾ ಕೊಠಡಿಯಲ್ಲಿ ರಂಪ ಮಾಡಬಹುದಾದವನು ಆ ಲೆಕ್ಕದಿಂದ ಮೊದಲೇ ಹೊರಗಿದ್ದರೆ ಒಳ್ಳೆಯದು ಎನಿಸುತ್ತದೆ. ‘ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿ’ ಎಂಬ ಸಲಹೆ ಸಿಗುತ್ತದೆ. ಶಾಲೆಯಲ್ಲಿ ಕೂತೇ ಕಲಿಯಲಾಗದವನು ಮನೆಯಲ್ಲಿ ಒಬ್ಬನೇ ಕೂತು ಆರು ವಿಷಯ ಓದಬೇಕಂತೆ!

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಕ್ರೂರ. ಯಾರದೋ ಜೊತೆ ಸಿಕ್ಕಿಬಿದ್ದಳೆಂದು ಶಾಲೆ ಬಿಡಿಸಿದ ಹದಿನೈದರ ಹುಡುಗಿಗೆ ಗ್ಯಾರೇಜೂ ಇಲ್ಲ. ಅವಳಿಗೆ ಗಂಡು ಹುಡುಕಲು ಶುರುಮಾಡುತ್ತಾರೆ.

ಶಿಕ್ಷಕರನ್ನು ದೂರಲು ನನಗೆ ಮನಸ್ಸಿಲ್ಲ. ಅರವತ್ತು ಮಕ್ಕಳ ಕೋಣೆಯಲ್ಲಿ ಒಬ್ಬ ಎದ್ದು ನಿಂತು ಬೈದರೆ ಉಳಿದವರ ಪಾಠ ನಿಲ್ಲುತ್ತದೆ, ಆ ಮಕ್ಕಳ ಹಕ್ಕೂ ಹಕ್ಕೇ. ಆದ್ದರಿಂದಲೇ ಬೇರೆ ಜಾಗ ಬೇಕು ಎನ್ನುತ್ತಿದ್ದೇನೆ. ಅದು ಹಾಸ್ಟೆಲ್ಲಲ್ಲ, ರಿಮ್ಯಾಂಡ್ ಹೋಮಂತೂ ಅಲ್ಲವೇ ಅಲ್ಲ. ಮಗು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬೇಕು, ಏಕೆಂದರೆ ಅದು ಬದುಕಬೇಕಾದದ್ದು ಆ ಮನೆಯಲ್ಲಿ, ಆ ಬೀದಿಯಲ್ಲಿ. ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಬೇಡ. ಇಬ್ಬರು ಶಿಕ್ಷಕರು, ಕೈಕೆಲಸ ಕಲಿಸುವ ಒಬ್ಬರು, ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗದೆ ದಿನವಿಡೀ ಅಲ್ಲೇ ಇರುವ ಒಬ್ಬ ಆಪ್ತಸಮಾಲೋಚಕಿ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಬಿಸಿಯೂಟ. ಪಾಠ ಶುರುವಾಗಬೇಕಾದದ್ದು ಮಗು ಎಲ್ಲಿ ನಿಂತಿತ್ತೋ ಅಲ್ಲಿಂದ. ತನಗೆ ಭಾಗಾಕಾರ ಬರುವುದಿಲ್ಲ ಎಂದು ಒಂಬತ್ತನೇ ತರಗತಿಯಲ್ಲಿ ಎಲ್ಲರೆದುರು ಒಪ್ಪಿಕೊಳ್ಳುವುದಕ್ಕಿಂತ ಮೇಷ್ಟ್ರ ಮೇಲೆ ಕೂಗಾಡುವುದು ಹುಡುಗನಿಗೆ ಸುಲಭ. ಪುಂಡಾಟ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಈ ಅವಮಾನವೇ. ಇನ್ನು ಕೆಲವರದು ನಿಜವಾದ ಕಾಯಿಲೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತ್ತು. ಇವರಿಗೆ ಬೇಕಾದದ್ದು ಚಿಕಿತ್ಸೆ, ಟಿಸಿ ಅಲ್ಲ.

ಇಂಥವರನ್ನೆಲ್ಲ ಒಂದೆಡೆ ಸೇರಿಸಿದರೆ ಒಬ್ಬರನ್ನೊಬ್ಬರು ಇನ್ನಷ್ಟು ಕೆಡಿಸುವುದಿಲ್ಲವೇ? ಇದು ಹಗುರವಾದ ಆಕ್ಷೇಪವಲ್ಲ. ಅಮೆರಿಕದ ಥಾಮಸ್ ಡಿಷಿಯನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಅಪಾಯವನ್ನು ಎತ್ತಿ ತೋರಿಸಿತ್ತು. ಗುಂಪು ಚಿಕ್ಕದಿರಬೇಕು, ದೊಡ್ಡವರೊಬ್ಬರು ಸದಾ ಜೊತೆಗಿರಬೇಕು ಎನ್ನುವುದು ಅದಕ್ಕೇ. ಆದರೆ ಶಾಲೆ ಬಿಟ್ಟವರು ಈಗಲೂ ಒಂದೆಡೆ ಸೇರುತ್ತಲೇ ಇದ್ದಾರೆ, ಬಸ್‌ಸ್ಟ್ಯಾಂಡಿನ ಹಿಂದೆ, ಪಾಳುಬಿದ್ದ ಲೇಔಟಿನಲ್ಲಿ. ಅಲ್ಲಿ ದೊಡ್ಡವರು ಯಾರಾದರೂ ಇದ್ದರೆ ಅವರು ಮಾಲು ಮಾರುವವರು.

ಇದಕ್ಕೆಲ್ಲ ದುಡ್ಡಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಕೂಲಿಗೆ ಹೋದ ಮಕ್ಕಳನ್ನು ಕರೆತರಲು ‘ಚಿಣ್ಣರ ಅಂಗಳ’ ನಡೆಸಿದ, ವಲಸೆ ಕಾರ್ಮಿಕರ ಮಕ್ಕಳಿಗೆ ಟೆಂಟ್ ಶಾಲೆ ತೆರೆದ ರಾಜ್ಯವಿದು. ಮಕ್ಕಳಿಲ್ಲದೆ ಬೀಗ ಬಿದ್ದ ಸರ್ಕಾರಿ ಶಾಲಾ ಕಟ್ಟಡಗಳೂ ನಮ್ಮಲ್ಲಿವೆ. ಈ ಹೊಣೆಯನ್ನು ಸರ್ಕಾರವೇ ಹೊರುವುದು ಹೊಸದೂ ಅಲ್ಲ: ಇಂಗ್ಲೆಂಡಿನಲ್ಲಿ ಶಾಲೆ ಒಬ್ಬ ವಿದ್ಯಾರ್ಥಿಯನ್ನು ಶಾಶ್ವತವಾಗಿ ಹೊರಹಾಕಿದರೆ ಆರನೇ ದಿನದಿಂದ ಆತನಿಗೆ ಪೂರ್ಣಾವಧಿ ಶಿಕ್ಷಣ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ.

ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪ ಬೇರೆ. ಇಂಥದೊಂದು ಶಾಲೆ ಇದೆ ಎಂದಾದರೆ ಉಳಿದ ಶಾಲೆಗಳು ತಮಗೆ ಬೇಡವಾದ ಮಕ್ಕಳನ್ನೆಲ್ಲ ಅಲ್ಲಿಗೆ ಸುರಿದು ಕೈತೊಳೆದುಕೊಳ್ಳುತ್ತವೆ, ಅಲ್ಲಿ ಸೇರುವವರು ಬಹುಪಾಲು ಬಡವರ ಮಕ್ಕಳೇ ಆಗಿರುತ್ತಾರೆ. ಇಂಗ್ಲೆಂಡಿನಲ್ಲಿ 2019ರ ಟಿಂಪ್ಸನ್ ವರದಿ ಕಂಡದ್ದೂ ಅದನ್ನೇ: ಶಾಶ್ವತವಾಗಿ ಹೊರಹಾಕಿದ ಪ್ರಕರಣಗಳಲ್ಲಿ ಶೇ 78ರಷ್ಟು ವಿಶೇಷ ಕಲಿಕಾ ಅಗತ್ಯವಿದ್ದ, ಉಚಿತ ಊಟಕ್ಕೆ ಅರ್ಹರಾದ ಅಥವಾ ಸರ್ಕಾರದ ಆಸರೆ ಬೇಕಾದ ಮಕ್ಕಳವು. ಆದ್ದರಿಂದ ಬದಲಿ ಶಾಲೆಗೆ ಹೋದರೂ ಮಗುವಿನ ಹೆಸರು ಹಳೆಯ ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿಯಬೇಕು. ಅದರ ಎಸ್ಸೆಸ್ಸೆಲ್ಸಿ ಫಲಿತಾಂಶ ಕಳಿಸಿದ ಶಾಲೆಯ ಲೆಕ್ಕಕ್ಕೇ ಸೇರಬೇಕು. ಅವಧಿ ಒಂದು ವರ್ಷ ಮೀರದೆ, ಮರಳುವ ದಿನ ಮೊದಲೇ ಗೊತ್ತಿರಬೇಕು. ಒಂಬತ್ತು, ಹತ್ತನೇ ತರಗತಿಯಲ್ಲಿ ವರ್ಷದ ನಡುವೆ ಕೊಡುವ ಯಾವ ಟಿಸಿಯೂ, ಕ್ಷೇತ್ರ ಶಿಕ್ಷಣಾಧಿಕಾರಿ ಆ ಮಗುವನ್ನು ಕಂಡು ಮಾತಾಡಿ, ಮುಂದಿನ ಶಾಲೆಯ ಹೆಸರು ಬರೆಯುವವರೆಗೆ ಊರ್ಜಿತವಾಗಬಾರದು. ಈ ಕೊನೆಯದಕ್ಕೆ ಕಟ್ಟಡವೂ ಬೇಡ, ಹೆಚ್ಚಿನ ಅನುದಾನವೂ ಬೇಡ. ಶಿಕ್ಷಣ ಇಲಾಖೆ ಮುಂದಿನ ವರ್ಷದ ದಾಖಲಾತಿ ಶುರುವಾಗುವ ಮೊದಲೇ ಇದನ್ನು ಜಾರಿಗೆ ತರಲಿ.