ಅಂಜದೀವ ಯಾರದು?

ಬಾಂದ್ರಾದ ಲ್ಯಾಂಡ್ಸ್ ಎಂಡಿಗೆ ರಜೆಯ ಸಂಜೆ ಗಾಳಿಗೆ ಹೋಗುವ ನಮ್ಮ ಹೋಟೆಲ್ ಬಂಧುಗಳು ಅಲ್ಲಿಯ ಹಾಳುಕೋಟೆಯನ್ನು ನೋಡಿಯೇ ಇದ್ದಾರೆ. 1640ರಲ್ಲಿ ಅದನ್ನು ಕಟ್ಟಿದ ಪೋರ್ಚುಗೀಜರೇ ನಮ್ಮ ಕಾರವಾರದೆದುರಿನ ಅಂಜದೀವ ದ್ವೀಪಕ್ಕೂ ಒಡೆಯರಾಗಿದ್ದರು. 1661ರಲ್ಲಿ ಅವರ ಅರಸ ತನ್ನ ಅಕ್ಕನನ್ನು ಇಂಗ್ಲೆಂಡಿನ ಅರಸನಿಗೆ ಕೊಡುವಾಗ ಮುಂಬಯಿಯನ್ನೇ ಬಳುವಳಿಯಾಗಿ ಬರೆದುಕೊಟ್ಟ. ಇಲ್ಲಿಯ ಬೆಸ್ತರನ್ನಾಗಲಿ ರೈತರನ್ನಾಗಲಿ ಯಾರೂ ಕೇಳಲಿಲ್ಲ! ಅದನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷ್ ದಂಡಿಗೆ ಇಲ್ಲಿಯ ಅಧಿಕಾರಿಗಳು ಊರು ಬಿಟ್ಟುಕೊಡಲಿಲ್ಲ. ಆ ದಂಡು ಅಂಜದೀವದಲ್ಲಿ ಬೀಡುಬಿಟ್ಟು ರೋಗದಿಂದ ನವೆದು, 1665ರಲ್ಲಿ ಅಳಿದುಳಿದವರೊಡನೆ ಮುಂಬಯಿ ಸೇರಿತು. ಬಾಂದ್ರಾ ಮಾತ್ರ 1739ರಲ್ಲಿ ಮರಾಠರು ಗೆಲ್ಲುವವರೆಗೆ ಪೋರ್ಚುಗೀಜರ ಕೈಯಲ್ಲೇ ಇತ್ತು.

ಅಂಜದೀವದ ದಾಸ್ಯ ಅದಕ್ಕಿಂತ ಬಹುಕಾಲ ನಡೆಯಿತು. 1961ರ ನವೆಂಬರಿನಲ್ಲಿ ಆ ದ್ವೀಪದಿಂದ 'ಸಾಬರಮತಿ' ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ಬಲೆ ಬೀಸಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಬಡವ ಸತ್ತ. ಡಿಸೆಂಬರ್ 18ರಂದು 'ಮೈಸೂರು' ಮತ್ತು 'ತ್ರಿಶೂಲ' ಯುದ್ಧನೌಕೆಗಳ ನಾವಿಕರು ದ್ವೀಪಕ್ಕೆ ಇಳಿದರು. ಬಿಳಿ ಬಾವುಟ ತೋರಿಸಿದವರೇ ಗುಂಡು ಹಾರಿಸಿದರೆಂದು ನಮ್ಮ ನೌಕಾದಳ ಹೇಳುತ್ತದೆ. ಏಳು ಮಂದಿ ನಾವಿಕರ ರಕ್ತ ಹರಿದು ದ್ವೀಪ ಬಿಡುಗಡೆಯಾಯಿತು.

ಆಮೇಲೆ? ಪರಕೀಯನು ಎಳೆದ ಗೆರೆ ಹಾಗೆಯೇ ಉಳಿಯಿತು. ಕಾರವಾರದ ದಂಡೆಯಲ್ಲಿ ನಿಂತರೆ ಕಣ್ಣೆದುರಿಗೇ ಇರುವ ದ್ವೀಪ ಇಂದಿಗೂ ಗೋವೆಯ ಲೆಕ್ಕದಲ್ಲಿದೆ. ಗೋವೆಯವರ ಮೇಲೆ ನಮಗೆ ಮತ್ಸರವಿಲ್ಲ. ಅವರಿಗೂ ಅಲ್ಲಿ ಪ್ರವೇಶವಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು, 2005ರಲ್ಲಿ ನೆಲೆ ಆರಂಭವಾಯಿತು. ದ್ವೀಪದ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ಭಕ್ತರಿಗೆ ದಾರಿ ಮುಚ್ಚಿತು. ಕಾರವಾರ, ಅಂಕೋಲೆಯ ಸಾವಿರಾರು ಸಂಸಾರಗಳು ಗದ್ದೆ, ತೋಟ, ದಂಡೆ ಬಿಟ್ಟು ಎದ್ದವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಕಚೇರಿ ಅಲೆದವು. ಗಿರಣಿ ಮುಚ್ಚಿದ ಮೇಲೆ ಬಾಕಿ ಹಣಕ್ಕಾಗಿ ಅಲೆದ ನಮ್ಮವರಿಗೆ ಈ ಅಲೆದಾಟ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸು ಯುದ್ಧನೌಕೆಗಳನ್ನು ಕಳಿಸಿ 15 ಕೋಟಿ ಫ್ರಾಂಕು ಪರಿಹಾರ ಕೇಳಿತು. ಅದೂ ಹಳೆಯ ಧಣಿಗಳಿಗೆ! ಮೊತ್ತ ಮುಂದೆ 9 ಕೋಟಿಗೆ ಇಳಿದರೂ, ಅದಕ್ಕಾಗಿ ಮಾಡಿದ ಸಾಲ ತೀರಲು 1947 ಬಂತು. ನಮ್ಮ ಸರಕಾರ ಫ್ರಾನ್ಸಿನಂತಲ್ಲ, ದೇಶದ ಕಾವಲೂ ಬೇಕು. ಆದರೆ ಧಣಿಗಳಿಗೆ ಪರಿಹಾರ ಬೇಗನೆ ಗೊತ್ತಾಗುವುದು, ದುಡಿಯುವವನ ಪಾಲಿನದು ಕಡತದಲ್ಲೇ ಕೂರುವುದು ಎರಡೂ ಕಡಲುಗಳ ದಂಡೆಯಲ್ಲಿ ಕಂಡ ಸಂಗತಿ.

ನೆಲೆಯ ಕೆಲಸಗಳಲ್ಲಿ ನೆಲ ಕಳೆದುಕೊಂಡವರ ಮಕ್ಕಳಿಗೆ ಮೊದಲ ಹಕ್ಕು ಸಿಗಬೇಕು. ವರ್ಷಕ್ಕೊಂದು ದಿನವಾದರೂ ಹಬ್ಬಕ್ಕೆ ದೋಣಿ ಬಿಡಬೇಕು. ಆ ಕಡೆಯ ಬಂಧುಗಳ ಮನೆಯಲ್ಲಿ ತೀರದ ಪರಿಹಾರದ ಕಾಗದಗಳಿದ್ದರೆ ಸಂಘದ ಕಚೇರಿಗೆ ತರಲಿ. ಅರ್ಜಿ ಬರೆದುಕೊಡುವ ಹೊಣೆ ನಮ್ಮದು.