ಧರ್ಮಗುರುಗಳ ವರ್ಗಾವಣೆ: ಬಿಷಪರ ಆದೇಶವೋ, ಭಕ್ತರ ಕರೆಯೋ?

ಚರ್ಚ್‌ಗೆ ಹೊಸ ಧರ್ಮಗುರು ಬರುತ್ತಾರೆಂದರೆ ‘ಯಾರಂತೆ?’ ಎಂಬ ಪ್ರಶ್ನೆ ಊರಿಡೀ ಹಬ್ಬುತ್ತದೆ. ‘ಆಯ್ಕೆ ಮಾಡಿದವರು ಯಾರು?’ ಎಂದು ಕೇಳುವವರು ಕಡಿಮೆ. ಮುಖ್ಯ ಪ್ರಶ್ನೆ ಅದೇ.

ಬೇಳ ಸೇರಿದಂತೆ ಕಾಸರಗೋಡಿನ ಹಲವು ಕೆಥೋಲಿಕ್ ಚರ್ಚ್‌ಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಕೆಥೋಲಿಕ್ ಪದ್ಧತಿಯಲ್ಲಿ ನೇಮಕ ಬಿಷಪರ ಅಧಿಕಾರ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 524ನೇ ವಿಧಿಯಂತೆ ಬಿಷಪರು ವಲಯದ ಮುಖ್ಯಗುರುವಿನ ಅಭಿಪ್ರಾಯ ಕೇಳಬೇಕು. ಅಗತ್ಯವೆನಿಸಿದರೆ ಇತರ ಗುರುಗಳನ್ನೂ ಶ್ರೀಸಾಮಾನ್ಯರನ್ನೂ ಕೇಳಬಹುದು. ‘ಅಗತ್ಯವೆನಿಸಿದರೆ’ ಎಂಬ ಒಂದು ಪದದಲ್ಲೇ ಭಕ್ತರ ಮಾತಿನ ಮಿತಿ ಅಡಗಿದೆ. 75 ತುಂಬಿದ ಗುರು ರಾಜೀನಾಮೆ ಸಲ್ಲಿಸಬೇಕೆಂದು 538ನೇ ವಿಧಿ ಕೋರುತ್ತದೆ. ಅದನ್ನು ಅಂಗೀಕರಿಸುವುದೂ ಮುಂದೂಡುವುದೂ ಬಿಷಪರಿಗೇ ಬಿಟ್ಟದ್ದು.

ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯದು ಇದಕ್ಕೆ ತದ್ವಿರುದ್ಧ ದಾರಿ. ಅಲ್ಲಿ ಸಭೆಯವರೇ ಆರಿಸಿದ ಸಮಿತಿ ಅಭ್ಯರ್ಥಿಯನ್ನು ಹುಡುಕುತ್ತದೆ, ಸಭೆ ಮತ ಹಾಕುತ್ತದೆ, ಪ್ರದೇಶದ ಪ್ರೆಸ್ಬಿಟರಿ ಒಪ್ಪಿಗೆ ನೀಡುತ್ತದೆ. ಈ ಹಕ್ಕು ಸುಮ್ಮನೆ ಸಿಕ್ಕಿದ್ದಲ್ಲ. 1712ರ ಕಾಯ್ದೆ ಪಾದ್ರಿಯನ್ನು ಸೂಚಿಸುವ ಅಧಿಕಾರವನ್ನು ಜಮೀನ್ದಾರರಂಥ ಪೋಷಕರಿಗೆ ಕೊಟ್ಟಿತ್ತು. ಬೇಡದ ಪಾದ್ರಿಯನ್ನು ಹೇರುವುದನ್ನು ವಿರೋಧಿಸಿ 1843ರಲ್ಲಿ 450ಕ್ಕೂ ಹೆಚ್ಚು ಪಾದ್ರಿಗಳು ಮನೆ, ಸಂಬಳ ಬಿಟ್ಟು ಹೊರನಡೆದು ಫ್ರೀ ಚರ್ಚ್ ಕಟ್ಟಿದರು. ಪೋಷಕರ ಅಧಿಕಾರ ರದ್ದಾದುದು 1874ರಲ್ಲಿ.

ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯಲ್ಲಿ ನೇಮಿಸುವವರು ಬಿಷಪರೇ, ಆದರೆ ಸ್ಥಳೀಯ ಸಮಿತಿಯೊಂದಿಗೆ ಸಮಾಲೋಚಿಸಬೇಕು. ಪೂರ್ಣ ದೀಕ್ಷೆ ಪಡೆದ ಪಾದ್ರಿಗೆ ಎಲ್ಲಾದರೂ ಒಂದು ಸಭೆ ಸಿಗುವುದು ಖಚಿತ. ಈ ಖಾತರಿಯನ್ನು ತೆಗೆಯಲು 2012ರಲ್ಲಿ ಮಹಾಸಮ್ಮೇಳನ ನಿರ್ಣಯಿಸಿತು. ಅದೇ ವರ್ಷ ಸಭೆಯ ನ್ಯಾಯಮಂಡಳಿ ಆ ನಿರ್ಣಯವನ್ನು ಅನೂರ್ಜಿತಗೊಳಿಸಿತು.

ಯಾವುದು ಮೇಲು? ಭಕ್ತರೇ ಕರೆಯುವಲ್ಲಿ ಅನುಕೂಲಸ್ಥ ಸಭೆಗೆ ಆಯ್ಕೆ ಹೆಚ್ಚು. ಬಡ, ದೂರದ ಸಭೆ ಕಾಯುತ್ತಲೇ ಇರಬೇಕಾಗುತ್ತದೆ. ಬಿಷಪರೇ ಕಳುಹಿಸುವಲ್ಲಿ ಮೂಲೆಯ ಊರಿಗೂ ಗುರು ತಲುಪುತ್ತಾರೆ, ಆದರೆ ಊರಿನ ಅಗತ್ಯ ಅವರ ಕಿವಿಗೆ ಬೀಳದೇ ಹೋಗಬಹುದು. ಕೊಂಕಣಿ, ಕನ್ನಡ, ತುಳು, ಮಲಯಾಳ ಬೆರೆತ ಗಡಿನಾಡಿನಲ್ಲಿ ಇದು ಸಣ್ಣ ಮಾತಲ್ಲ. ಪಾಪನಿವೇದನೆಯನ್ನು ಯಾರೂ ದುಭಾಷಿಯ ಮೂಲಕ ಮಾಡಲು ಬಯಸುವುದಿಲ್ಲ.

ಬಿಷಪರ ಅಧಿಕಾರ ಮೊಟಕುಗೊಳಿಸದೆಯೂ ಇದಕ್ಕೆ ಪರಿಹಾರವಿದೆ. ಪ್ರತಿ ವರ್ಗಾವಣೆಗೆ ಮುನ್ನ ಚರ್ಚ್ ಪಾಲನಾ ಮಂಡಳಿಯಿಂದ ಊರಿನ ಭಾಷೆ ಮತ್ತು ಅಗತ್ಯಗಳ ಲಿಖಿತ ವಿವರ ಪಡೆಯಲು ಕಾನೂನಿನ ಅಡ್ಡಿಯಿಲ್ಲ. ಹೆಸರು ಸೂಚಿಸುವ ಹಕ್ಕು ಭಕ್ತರಿಗೆ ಇಲ್ಲದಿರಬಹುದು. ತಮ್ಮ ಊರು ಎಂಥದು ಎಂದು ಹೇಳುವ ಅವಕಾಶವಾದರೂ ಇರಲಿ.